ಬಾನೆಟ್ ರಿಪೇರಿ ಹಿಂದಿನಿಂದ ಶುರುವಾಗಲಿ

ಬಾನೆಟ್ ಸರಿಯಾಗಿ ಕೂರುತ್ತಿಲ್ಲವೆಂದರೆ ಎಲ್ಲರ ಕೈ ಮೊದಲು ಹೋಗುವುದು ಮುಂದಿನ ಲಾಕಿಗೆ. ಒಬ್ಬರು ಕೊಕ್ಕೆ ಬಗ್ಗಿಸುತ್ತಾರೆ, ಇನ್ನೊಬ್ಬರು ಸುತ್ತಿಗೆ ಎತ್ತುತ್ತಾರೆ, ಏನೂ ತಿಳಿಯದವರು ಬಾನೆಟ್ಟನ್ನು ಎತ್ತರದಿಂದ ಧಡ್ ಎಂದು ಬಿಡುತ್ತಾರೆ. ಕಲಬುರಗಿಯ ನನ್ನ 1997ರ ಮಾರುತಿ 800ಕ್ಕೆ ಈ ಎಲ್ಲ ಉಪಚಾರಗಳೂ ನಾನು ಕೊಳ್ಳುವ ಮೊದಲೇ ಆಗಿದ್ದವು. ಬಲಗಡೆ ಬಾನೆಟ್ಟಿನ ಅಂಚು ಮಡ್‌ಗಾರ್ಡಿಗೆ ಉಜ್ಜಿ ಬಣ್ಣ ಕಿತ್ತುಹೋಗಿತ್ತು. ಎಡಗಡೆಯ ಸಂದಿಯಲ್ಲಿ ಕಿರುಬೆರಳು ತೂರುತ್ತಿತ್ತು. ಸೇಡಂ ರಸ್ತೆಯಲ್ಲಿ ಎದುರಿಗೆ ಸಿಮೆಂಟ್ ಲಾರಿ ಹಾದುಹೋದರೆ ಸಾಕು, ಇಡೀ ತಗಡು ನಡುಗುವುದು ಕುಳಿತಲ್ಲಿಂದಲೇ ಕಾಣುತ್ತಿತ್ತು.

ಲಾಕಿನ ಕೆಲಸ ಹಿಡಿದಿಡುವುದು ಮಾತ್ರ. ಬಾನೆಟ್ ಎಲ್ಲಿ ಕೂರಬೇಕೆಂದು ನಿರ್ಧರಿಸುವುದು ಹಿಂದೆ ಗಾಜಿನ ಬುಡದಲ್ಲಿರುವ ಎರಡು ಕೀಲುಗಳು. ಅವು ತಪ್ಪಿದ್ದರೆ ಲಾಕ್ ಅದನ್ನು ಬಲವಂತವಾಗಿ ಎಳೆದು ಹಿಡಿಯುತ್ತದೆ, ಆಮೇಲೆ ತಾನೂ ಸವೆಯುತ್ತದೆ. ಹಾಗಾಗಿ ನಾನು ಮೊದಲು ಲಾಕನ್ನು ಪೂರ್ತಿ ಬಿಚ್ಚಿ ಪಕ್ಕಕ್ಕಿಟ್ಟೆ. ಲಾಕ್ ಇಲ್ಲದೆ ಬಾನೆಟ್ಟನ್ನು ಮೆಲ್ಲಗೆ ಇಳಿಸಿದಾಗ ಅದು ತಾನಾಗಿ ಎಲ್ಲಿ ಬಂದು ನಿಲ್ಲುತ್ತದೆಯೋ ಅಲ್ಲಿ ನಿಜವಾದ ದೋಷ ಕಾಣುತ್ತದೆ.

ಕೀಲು ಮುಟ್ಟುವ ಮೊದಲು ಎರಡು ಪರೀಕ್ಷೆಗಳಿವೆ. ಬಾನೆಟ್ಟಿನ ಹಿಂದಿನ ಮೂಲೆಯನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಬೇಕು. ಟಕಟಕ ಎಂದರೆ ಕೀಲಿನ ಪಿನ್ ಸವೆದಿದೆ. ಅಂಥದ್ದನ್ನು ಎಷ್ಟು ಹೊಂದಿಸಿದರೂ ಮರುದಿನ ಮತ್ತೆ ತಪ್ಪುತ್ತದೆ, ಬದಲಿಸುವುದೇ ಸರಿ. ಎರಡನೆಯದು, ಮಡ್‌ಗಾರ್ಡಿಗೂ ಬಾಗಿಲಿಗೂ ನಡುವಿನ ಸಂದಿ. ಅದು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಇಲ್ಲದಿದ್ದರೆ ತಪ್ಪು ಮಡ್‌ಗಾರ್ಡಿನದು, ಬಾನೆಟ್ಟಿನದಲ್ಲ. ನನ್ನ ಕಾರಿನಲ್ಲಿ ಪಿನ್‌ಗಳು ಗಟ್ಟಿಯಾಗಿದ್ದವು, ಮಡ್‌ಗಾರ್ಡೂ ತನ್ನ ಜಾಗದಲ್ಲೇ ಇತ್ತು. ಬಾನೆಟ್ ಮಾತ್ರ ಬಲಕ್ಕೆ ಸರಿದು, ಹಿಂದಿನ ಬಲಮೂಲೆಯಲ್ಲಿ ತಗ್ಗಿತ್ತು.

ಕೀಲಿನ ಬೋಲ್ಟುಗಳ ತೂತು ಬೋಲ್ಟಿಗಿಂತ ಸ್ವಲ್ಪ ದೊಡ್ಡದಿರುತ್ತದೆ. ಹೊಂದಾಣಿಕೆಯೆಲ್ಲ ಆ ಸಣ್ಣ ಜಾಗದಲ್ಲೇ. ಸಡಿಲಿಸುವ ಮೊದಲು ಕೀಲಿನ ಸುತ್ತ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದುಕೊಂಡೆ. ಎಷ್ಟು ಸರಿಸಿದೆ ಎಂಬುದಕ್ಕೆ ಅದೊಂದೇ ಸಾಕ್ಷಿ. ಬಾನೆಟ್ಟಿನ ಹಿಂದಿನ ಮೂಲೆಗಳ ಕೆಳಗೆ ಹಳೆಯ ಟವೆಲ್ ಮಡಚಿಟ್ಟೆ. ಎಡಗಡೆ ಹಿಡಿಯಲು ತಮ್ಮನನ್ನು ನಿಲ್ಲಿಸಿದೆ. ಒಬ್ಬನೇ ಮಾಡುವ ಕೆಲಸವಲ್ಲ ಇದು, ಮಾಡಿದವರು ಗಾಜಿನ ಬೆಲೆ ತೆತ್ತಿದ್ದಾರೆ. ಬೋಲ್ಟುಗಳನ್ನು ಪೂರ್ತಿ ಬಿಡಿಸಬಾರದು. ಕೈಯಿಂದ ಒತ್ತಿದರೆ ಜರುಗಬೇಕು, ಬಿಟ್ಟರೆ ಅಲ್ಲೇ ನಿಲ್ಲಬೇಕು, ಅಷ್ಟು ಬಿಗಿ ಸಾಕು. ಎಡಕ್ಕೆ ಕೂದಲೆಳೆಯಷ್ಟು ತಳ್ಳಿ, ಬಿಗಿದು, ಮುಚ್ಚಿ ನೋಡುವುದು, ಮತ್ತೆ ತೆರೆಯುವುದು. ಹಿಂದೆ ಒಂದಿಷ್ಟು ಸರಿಸಿದರೆ ಮುಂದಿನ ಮೂಲೆಯಲ್ಲಿ ಅದು ಹಲವು ಪಟ್ಟು ಕಾಣುತ್ತದೆ. ಸಂದಿ ಅಳೆಯಲು ಮನೆಯಲ್ಲಿ ಬಿದ್ದಿದ್ದ ದಪ್ಪನೆಯ ಲಗ್ನಪತ್ರಿಕೆಗಳು ಬಂದವು: ನಾಲ್ಕು ಮಿಲಿಮೀಟರ್ ದಪ್ಪ ಬರುವಷ್ಟು ಜೋಡಿಸಿ ಟೇಪ್ ಸುತ್ತಿ, ಎರಡೂ ಕಡೆ ಅದನ್ನೇ ತೂರಿಸಿ ಹೋಲಿಸಿದೆ. ತಗ್ಗಿದ್ದ ಬಲಮೂಲೆಗೆ ಕೀಲಿಗೂ ಬಾನೆಟ್ಟಿಗೂ ನಡುವೆ ತೆಳುವಾದ ವಾಷರ್ ಕೊಟ್ಟೆ.

ಇದನ್ನು ನೋಡುತ್ತ ನಿಂತಿದ್ದ ಪಕ್ಕದ ಮನೆಯ ಕಾಕಾ, "ಬಿಸಿಲಿಗೆ ಹಿಗ್ಗಿದೆಯಪ್ಪ, ರಾತ್ರಿ ತಾನೇ ಸರಿಹೋಗುತ್ತದೆ" ಎಂದರು. ಮೇ ತಿಂಗಳ ಕಲಬುರಗಿಯಲ್ಲಿ ಈ ಮಾತನ್ನು ತೆಗೆದುಹಾಕುವುದು ಕಷ್ಟ. ಆದರೆ ಲೆಕ್ಕ ಹಾಕಿ: ಒಂದು ಮೀಟರ್ ಅಗಲದ ಉಕ್ಕಿನ ತಗಡು 30 ಡಿಗ್ರಿ ಹೆಚ್ಚು ಕಾದರೆ ಹಿಗ್ಗುವುದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ಅದರಿಂದ ಕಿರುಬೆರಳಿನ ಸಂದಿ ಹುಟ್ಟುವುದಿಲ್ಲ. ಬಿಸಿಲು ಕೊಲ್ಲುವುದು ತಗಡನ್ನಲ್ಲ, ರಬ್ಬರನ್ನು. ಮುಂದಿನ ಎರಡು ಮೂಲೆಗಳಲ್ಲಿ ಬಾನೆಟ್ ಒರಗುವ ರಬ್ಬರ್ ಗುಂಡಿಗಳು ಕಲ್ಲಾಗಿ, ಕುಗ್ಗಿಹೋಗಿದ್ದವು. ನಡುಕಕ್ಕೆ ಅರ್ಧ ಕಾರಣ ಅದೇ. ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲೇ ನಿಂತರೂ ಇಂಥ ಚಿಲ್ಲರೆ ಸಾಮಾನು ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ಹೊಸದನ್ನು ಹಾಕಿದ ಮೇಲೂ ಒಂದು ಕಡೆ ಸ್ವಲ್ಪ ತಗ್ಗೆನಿಸಿತು. ಪಂಕ್ಚರ್ ಅಂಗಡಿಯ ಹಳೆಯ ಟ್ಯೂಬಿನ ತುಂಡನ್ನು ಕತ್ತರಿಸಿ ಅಡಿಗಿಟ್ಟೆ.

ನಡುಕದ ಇನ್ನರ್ಧ ಕಾರಣ ಒಳಗಿತ್ತು. ಬಾನೆಟ್ ಎಂದರೆ ಒಂದೇ ತಗಡಲ್ಲ: ಮೇಲೊಂದು ಹಾಳೆ, ಕೆಳಗೊಂದು ಚೌಕಟ್ಟು, ನಡುವೆ ಅಲ್ಲಲ್ಲಿ ಅಂಟಿನ ಬೊಟ್ಟುಗಳು. ವರ್ಷಗಳಲ್ಲಿ ಅಂಟು ಒಣಗಿ ಬಿಟ್ಟುಕೊಂಡರೆ ಹಾಳೆ ತಮಟೆಯ ಚರ್ಮದಂತೆ ಬಡಿಯುತ್ತದೆ. ಹಳೆಯ ಪುಡಿಯನ್ನು ಕೆರೆದು, ಬಾಡಿ ಸೀಲಂಟನ್ನು ಅಲ್ಲಲ್ಲಿ ಚಿಕ್ಕ ಬೊಟ್ಟಾಗಿ ತುಂಬಿದೆ. ಹೆಚ್ಚು ತುಂಬಿದರೆ ಒಣಗುವಾಗ ಎಳೆದು, ಮೇಲಿನಿಂದ ಗುಳಿ ಕಾಣುತ್ತದೆ.

ಲಾಕಿನ ಸರದಿ ಬಂದದ್ದು ಕೊನೆಗೆ. ಬಿಚ್ಚಿದಾಗ ಅದರೊಳಗೆ ಗ್ರೀಸ್ ಎಂಬುದೇ ಇರಲಿಲ್ಲ. ಸೇಡಂ, ಮಳಖೇಡ ಕಡೆಯ ರಸ್ತೆಯ ಸಿಮೆಂಟ್ ದೂಳು ಗ್ರೀಸಿನಲ್ಲಿ ಕಲಸಿಹೋಗಿ ಗಟ್ಟಿ ಗಾರೆಯಾಗಿತ್ತು. ಹಳೆಯದರ ಮೇಲೆ ಹೊಸ ಗ್ರೀಸ್ ಮೆತ್ತುವವರು ಈ ಗಾರೆಯನ್ನೇ ಬೆಳೆಸುತ್ತಾರೆ. ಡೀಸೆಲಿನಲ್ಲಿ ನೆನೆಸಿ, ಬ್ರಷ್‌ನಿಂದ ತಿಕ್ಕಿ, ಒರೆಸಿ, ತಿರುಗುವ ಜಾಗಕ್ಕೆ ಮಾತ್ರ ತೆಳ್ಳಗೆ ಗ್ರೀಸ್ ಹಚ್ಚಿದೆ. ಬಾನೆಟ್ಟಿನ ಕೊಕ್ಕೆಯ ತುದಿಗೂ ಒಂದಿಷ್ಟು ಗ್ರೀಸ್ ಸವರಿ ಮೆಲ್ಲಗೆ ಇಳಿಸಿದರೆ ಅದು ಲಾಕಿನ ಯಾವ ಬದಿಗೆ ತಾಗುತ್ತಿದೆಯೆಂದು ಗುರುತು ಬೀಳುತ್ತದೆ; ಅತ್ತ ಲಾಕನ್ನು ಸರಿಸಿದರಾಯಿತು. ಕೊಕ್ಕೆ ಬಗ್ಗಿಸುವ ಪ್ರಮೇಯವೇ ಬರಲಿಲ್ಲ.

ಮುಚ್ಚುವ ಮೊದಲು ಒಂದು ಎಚ್ಚರ. ಬಾನೆಟ್ ತೆರೆದಿರುವಾಗಲೇ ಸ್ಕ್ರೂಡ್ರೈವರ್‌ನಿಂದ ಲಾಕನ್ನು ಒತ್ತಿ ಮುಚ್ಚಿಸಿ, ಒಳಗಿನ ಹಿಡಿಯನ್ನು ಎಳೆದು ಅದು ಬಿಡುತ್ತದೆಯೇ ನೋಡಬೇಕು. ಕೇಬಲ್ ಎಳೆಗಳು ಹಿಡಿಯ ಬಳಿ ಹರಿದಿದ್ದರೆ ಆಗಲೇ ಬದಲಿಸಬೇಕು. ಮುಚ್ಚಿದ ಮೇಲೆ ತುಂಡಾದರೆ ಮುಂದಿನ ಜಾಲರಿಯನ್ನೇ ಬಿಚ್ಚಬೇಕಾದೀತು. ಹಾಗೆಯೇ, ಹಿಡಿ ಎಳೆದ ಮೇಲೂ ಬಾನೆಟ್ ಪೂರ್ತಿ ಎದ್ದುಬಿಡದಂತೆ ತಡೆಯುವ ಸುರಕ್ಷತಾ ಕೊಕ್ಕೆಯ ಸ್ಪ್ರಿಂಗ್. ಅದು ಸಡಿಲವಾಗಿದ್ದರೆ ಹೆದ್ದಾರಿಗೆ ಕಾರು ತೆಗೆಯಬಾರದು. ವೇಗದಲ್ಲಿ ಬಾನೆಟ್ ಗಾಜಿಗೆ ಬಡಿದರೆ ಮುಂದೇನೂ ಕಾಣುವುದಿಲ್ಲ. ನಾನು ಆ ಸ್ಪ್ರಿಂಗನ್ನು ಯೋಚಿಸದೆ ಹೊಸದು ಹಾಕಿದೆ.

ಜೇವರ್ಗಿ ರಸ್ತೆಯಲ್ಲಿ ಹೋಗಿ ಬಂದು ಎಲ್ಲ ಬೋಲ್ಟುಗಳನ್ನೂ ಇನ್ನೊಮ್ಮೆ ಬಿಗಿದೆ, ವಾಷರ್ ಕೊಟ್ಟ ಕಡೆ ಸ್ವಲ್ಪ ಕೂತಿತ್ತು. ಬಣ್ಣ ಕಿತ್ತಿದ್ದ ಬಲ ಅಂಚಿಗೂ ಕೀಲಿನ ಸುತ್ತ ತಗಡು ಕಂಡ ಜಾಗಕ್ಕೂ ತುಕ್ಕುನಿರೋಧಕ ಪ್ರೈಮರ್ ಬಳಿದಿದ್ದೇನೆ. ಪೇಂಟ್ ಇನ್ನೂ ಆಗಿಲ್ಲ. ಮಳೆ ಹಿಡಿಯುವುದರೊಳಗೆ ಮಾಡಿಸಬೇಕು.