ಮೌನಾ ಕೇ ಮೇಲಿನ ಗೀರುಗಳು

ಹವಾಯಿಯ ದೊಡ್ಡ ದ್ವೀಪದಲ್ಲಿ ಎರಡು ಜ್ವಾಲಾಮುಖಿ ಬೆಟ್ಟಗಳ ನಡುವಿನ ರಸ್ತೆಯಲ್ಲಿ ನಿಂತರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ದಕ್ಷಿಣಕ್ಕೆ ಮೌನಾ ಲೋವಾ. 2022ರಲ್ಲೂ ಉಕ್ಕಿದ ಅದರ ಬೆನ್ನು ಬೋರಲು ಹಾಕಿದ ಗುರಾಣಿಯಂತೆ ನುಣುಪು. ಉತ್ತರಕ್ಕೆ ಮೌನಾ ಕೇ, 4,207 ಮೀಟರ್. ಅದೂ ಗುರಾಣಿಯೇ, ಆದರೆ ತಲೆಯ ತುಂಬ ಗುಬುಟು.

ನಾನು ಬೆಳಗಾವಿ ಕಡೆಯವನು. ಲಾವಾ ಆರಿ ಆದ ಕಪ್ಪು ಕಲ್ಲಿನ ಮೇಲೇ ಆಡಿ ಬೆಳೆದವನು. ಆದರೂ ಈ ಗುಬುಟುಗಳ ಅರ್ಥ ತಿಳಿದದ್ದು ಇಲ್ಲಿಗೆ ಬಂದ ಮೇಲೆ. ನೆಲದಡಿ ಬಿಸಿ ಉಕ್ಕುವ ಜಾಗದಿಂದ ಬೆಟ್ಟ ಸರಿಯುತ್ತಾ ಹೋದಂತೆ ಲಾವಾ ಕಡಿಮೆಯಾಯಿತು, ಮಂದವಾಯಿತು. ಒಳಗಿನ ಅನಿಲದ ಒತ್ತಡಕ್ಕೆ ಸಿಡಿದು, ಬಾಯಿಯ ಸುತ್ತಲೇ ಕಿಟ್ಟದಂಥ ಚೂರುಗಳ ಗುಡ್ಡ ಹಾಕಿತು. ಗುರಾಣಿ ಕಟ್ಟಿದ ಹಳೇ ಲಾವಾ ಇವುಗಳಡಿ ಮುಚ್ಚಿಹೋಗಿದೆ.

ನನ್ನ ಕೆಲಸ ಇದ್ದದ್ದು ಗೀರುಗಳ ಮೇಲೆ. ಸುಮಾರು 20,000 ವರ್ಷದ ಹಿಂದೆ ಈ ತುದಿಗೆ ಹಿಮದ ಟೊಪ್ಪಿಗೆಯಿತ್ತು. ಹಿಮ ಜಾರುವಾಗ ತಳದಲ್ಲಿ ಸಿಕ್ಕ ಕಲ್ಲುಗಳು ಬಂಡೆಯನ್ನು ಉಜ್ಜಿ ಗೆರೆ ಎಳೆದಿವೆ. ಗೆರೆಯ ದಿಕ್ಕು ಅಳೆದರೆ ಹಿಮ ಹೋದ ದಾರಿ ಸಿಗುತ್ತದೆ.

2,800 ಮೀಟರ್ ಹತ್ತಿರ ಒಂದು ಗಂಟೆ ಕೂತು, ನೀರು ಕುಡಿದು ಮೇಲೆ ಹೋದೆವು. ಅವಸರ ಮಾಡಿದರೆ ತಲೆನೋವು ಬಿಡುವುದಿಲ್ಲ. ಮೊದಲ ದಿನ ದಿಕ್ಸೂಚಿಯನ್ನು ಬಂಡೆಯ ಮೇಲೇ ಇಟ್ಟು ಅಳೆದೆ. ಪಕ್ಕಪಕ್ಕದ ಗೆರೆಗಳು ಕಣ್ಣಿಗೆ ಒಂದೇ ಸಮ, ಪುಸ್ತಕದಲ್ಲಿ ಮಾತ್ರ 20 ಡಿಗ್ರಿ ವ್ಯತ್ಯಾಸ. ಈ ಕಲ್ಲಿನಲ್ಲಿ ಅಯಸ್ಕಾಂತದ ಗುಣವಿರುವ ಖನಿಜವಿದೆ, ಮುಳ್ಳನ್ನು ಅದೇ ಎಳೆಯುತ್ತಿತ್ತು. ಮರುದಿನ ಗೆರೆಯ ನೇರಕ್ಕೆ ಹಗ್ಗ ಹಿಡಿದು, ದಿಕ್ಸೂಚಿಯನ್ನು ಎದೆಯೆತ್ತರಕ್ಕೆ ಎತ್ತಿ, ಎರಡು ತುದಿಯಿಂದಲೂ ನೋಡಿದೆ. ಎರಡೂ ಅಳತೆ ಹೊಂದಿದರೆ ಮಾತ್ರ ಬರೆದುಕೊಂಡೆ. ಆಗ ಗೆರೆಗಳೆಲ್ಲ ತುದಿಯಿಂದ ಹೊರಕ್ಕೆ ಹರಡಿದ್ದು ನಕ್ಷೆಯಲ್ಲಿ ಸರಿಯಾಗಿ ಕಂಡಿತು. ಆ ಸಂಜೆಯ ಖುಷಿ ಇವತ್ತಿಗೂ ಮರೆತಿಲ್ಲ.

ಹಿಮ ಹೋದ ಮೇಲೂ ಬೆಟ್ಟ ಉಕ್ಕಿದೆ, ಕೊನೆಯ ಸಲ ಸುಮಾರು 4,500 ವರ್ಷದ ಹಿಂದೆ. ಬೆಟ್ಟದ ವಯಸ್ಸಿಗೆ ಇದು ನಿನ್ನೆಯಷ್ಟೇ ಅಲ್ವಾ? ಅದಕ್ಕೇ ಇದನ್ನು ಸತ್ತ ಜ್ವಾಲಾಮುಖಿ ಅನ್ನುವುದಿಲ್ಲ.

ಕೊನೆಯ ದಿನ ಹವಾಯಿಯ ಜನ ಹಿಂದೆ ಮರ ಕೆತ್ತುವ ಕಲ್ಲಿನ ಬಾಚಿ ಮಾಡುತ್ತಿದ್ದ ಕಲ್ಲುಗಣಿಯ ಹತ್ತಿರ ಹೋದೆವು. ಹಿಮದಡಿ ಉಕ್ಕಿದ ಲಾವಾ ತಟ್ಟನೆ ಆರಿ, ಅಲ್ಲಿನ ಕಲ್ಲು ಒತ್ತಾಗಿ ಗಟ್ಟಿಯಾಗಿದೆ. ಅವರು ಒಡೆದು ಬಿಟ್ಟ ಚೂರುಗಳು ರಾಶಿರಾಶಿ ಬಿದ್ದಿವೆ. ಅವರಿಗೆ ಇದು ಪವಿತ್ರ ಬೆಟ್ಟ. ಸುತ್ತಿಗೆಯನ್ನು ಚೀಲದಿಂದ ತೆಗೆಯಲೇ ಇಲ್ಲ. ದಾರಿಯಲ್ಲೇ ನಿಂತು ನೋಡಿ, ಚಿತ್ರ ಬರೆದುಕೊಂಡು ಇಳಿದು ಬಂದೆ.