ಪಿಚರ್‌ಗಳಿಗೆ 52 ಡಾಲರ್ ಮಾತ್ರ: 2024ರ ನಮ್ಮ ರೋಟಿಸ್ಸರಿ ಲೀಗಿನ ಅಂತಿಮ ಲೆಕ್ಕ

ಇದು ಫ್ಯಾಂಟಸಿ ಬೇಸ್‌ಬಾಲ್: ಅಮೆರಿಕದ ಎಂಎಲ್‌ಬಿ ಲೀಗಿನ ನಿಜವಾದ ಆಟಗಾರರನ್ನು ಮಾರ್ಚ್‌ನ ಹರಾಜಿನಲ್ಲಿ ಕಾಗದದ ಮೇಲಿನ ತಂಡಕ್ಕೆ ಕೊಳ್ಳುತ್ತೇವೆ, ಅವರು ಮೈದಾನದಲ್ಲಿ ಮಾಡಿದ ಅಂಕಿಗಳೇ ನಮ್ಮ ಅಂಕಿ. ಮೊದಲು ಫಲಿತಾಂಶ. ನಮ್ಮ ತಂಡ 96, ಎರಡನೆಯದು 93.5, ಮೂರನೆಯದು 84ರ ಆಸುಪಾಸು, ಕೊನೆಯದು ಮೂವತ್ತಕ್ಕಿಂತ ಕೆಳಗೆ. ಹನ್ನೆರಡು ತಂಡ, ಹತ್ತು ಕ್ಯಾಟಗರಿ, ಪ್ರತಿಯೊಂದರಲ್ಲೂ ಮೊದಲ ತಂಡಕ್ಕೆ 12 ಪಾಯಿಂಟು, ಕೊನೆಯದಕ್ಕೆ 1, ಗರಿಷ್ಠ 120. ಹಿಟ್ಟಿಂಗ್‌ನಲ್ಲಿ (ಬ್ಯಾಟಿಂಗ್) ನಮಗೆ ಬಂದದ್ದು 53: ಸ್ಟೀಲ್ (ಓಡಿ ಬೇಸ್ ಕದಿಯುವುದು) 12, ರನ್ 11, ಹೋಮ್‌ರನ್, ಆರ್‌ಬಿಐ (ತನ್ನ ಹೊಡೆತದಿಂದ ತಂಡಕ್ಕೆ ಬಂದ ರನ್), ಆವರೇಜ್ (ಬ್ಯಾಟಿಂಗ್ ಸರಾಸರಿ) ಮೂರರಲ್ಲೂ ಹತ್ತು ಹತ್ತು. ಪಿಚಿಂಗ್‌ನಲ್ಲಿ (ಚೆಂಡು ಎಸೆತ) 43: ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಕೊಡುವ ರನ್, ಕಡಿಮೆಯಾದಷ್ಟು ಒಳ್ಳೆಯದು) 12, ವಿಪ್ (ಇನ್ನಿಂಗ್ಸ್‌ಗೆ ಕೊಡುವ ಹಿಟ್ ಮತ್ತು ವಾಕ್, ಇದೂ ಹಾಗೆಯೇ) 12, ಸೇವ್ (ಮುನ್ನಡೆ ಉಳಿಸಿ ಪಂದ್ಯ ಮುಗಿಸುವುದು) 11, ಗೆಲುವು 4, ಸ್ಟ್ರೈಕ್‌ಔಟ್ 4. ಕೊನೆಯ ಆ ಎರಡು ನಾಲ್ಕುಗಳನ್ನು ಮಾರ್ಚ್‌ನಲ್ಲೇ ಲೆಕ್ಕ ಹಾಕಿ ಬಿಟ್ಟುಕೊಟ್ಟಿದ್ದು. ಹರಾಜು ಮುಗಿದಾಗ ಗ್ರೂಪಿನಲ್ಲಿ ಬಂದ ಮೊದಲ ಮಾತು, 'ಏಸ್ (ದೊಡ್ಡ ಪಿಚರ್) ಒಬ್ಬನೂ ಇಲ್ಲದೆ ಎಂಟನೇ ಸ್ಥಾನ ಗ್ಯಾರಂಟಿ ಮಾರಾಯ' ಅಂತ. ಆ ಮೆಸೇಜ್ ಇನ್ನೂ ಅಳಿಸಿಲ್ಲ.

ಹರಾಜಿಗೆ ಪ್ರತಿ ತಂಡಕ್ಕೆ 260 ಡಾಲರ್ (ಕಾಗದದ ಮೇಲಿನ ಹಣ), 23 ಆಟಗಾರರು, 14 ಹಿಟ್ಟರ್, 9 ಪಿಚರ್, ಇಬ್ಬರು ಕ್ಯಾಚರ್ (ವಿಕೆಟ್‌ಕೀಪರ್ ಇದ್ದ ಹಾಗೆ) ಕಡ್ಡಾಯ. 1980ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈ ಆಟದ ರೂಢಿಯ ಬಜೆಟ್. ಎಲ್ಲರೂ 70-30ರ ಲೆಕ್ಕದಲ್ಲಿ ಹಿಟ್ಟರ್‌ಗಳಿಗೆ 182, ಪಿಚರ್‌ಗಳಿಗೆ 78 ಇಟ್ಟುಕೊಂಡು ಬರುತ್ತಾರೆ. ನಾನು 80-20 ಮಾಡಿದೆ: 208 ಮತ್ತು 52. ಪಿಚಿಂಗ್‌ಗೆ ಕಡಿಮೆ ಹಣ ಹಾಕುವುದು ಹೊಸ ಉಪಾಯ ಅಲ್ಲ, ಫ್ಯಾಂಟಸಿ ಬರಹಗಾರ ರಾನ್ ಶ್ಯಾಂಡ್ಲರ್ ಅವರ ಲಿಮಾ ಪ್ಲಾನ್ (ಅಗ್ಗದ ಪಿಚರ್‌ಗಳನ್ನು ಕೊಳ್ಳುವ ಪದ್ಧತಿ) ಆಡುವವರಿಗೆಲ್ಲ ಗೊತ್ತು. ಆದರೆ ಆ 52 ಎಲ್ಲಿಗೆ ಹೋಗಬೇಕು ಅನ್ನುವುದರಲ್ಲೇ ಎಲ್ಲ ಇದೆ.

ಕ್ಯಾಟಗರಿಯ ತೂಕ ಹಾಕಲು ನಮ್ಮದೇ ಲೀಗಿನ ಹಳೆಯ ಪಟ್ಟಿ ಬೇಕು, ಪತ್ರಿಕೆಯ ಡಾಲರ್ ಬೆಲೆಗಳು ಉಪಯೋಗಕ್ಕೆ ಬರುವುದಿಲ್ಲ. ಮೊದಲ ಮತ್ತು ಕೊನೆಯ ತಂಡ ಬಿಟ್ಟು, ಎರಡನೆಯ ಮತ್ತು ಹನ್ನೊಂದನೆಯ ತಂಡದ ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿದರೆ ಒಂದು ಪಾಯಿಂಟಿಗೆ ಎಷ್ಟು ಬೇಕು ಅಂತ ಸಿಗುತ್ತದೆ. ನಮ್ಮಲ್ಲಿ ಅದು ಸರಿಸುಮಾರು ಹೋಮ್‌ರನ್‌ಗೆ 9, ಸ್ಟೀಲ್‌ಗೆ 8, ರನ್ ಮತ್ತು ಆರ್‌ಬಿಐಗೆ 17, ಆವರೇಜ್‌ಗೆ .0015, ಸೇವ್‌ಗೆ 6 ಅಥವಾ 7, ಗೆಲುವಿಗೆ 3, ಸ್ಟ್ರೈಕ್‌ಔಟ್‌ಗೆ 25ರ ಹತ್ತಿರ. ಇಲ್ಲಿ ಬಹಳ ಜನ ಎಡವುವುದು 2023ಕ್ಕಿಂತ ಹಿಂದಿನ ಸ್ಟೀಲ್ ಅಂಕಿಗಳನ್ನು ಸೇರಿಸಿ. ಆ ವರ್ಷ ಬೇಸ್‌ನ ಅಗಲ 15 ಇಂಚಿನಿಂದ 18ಕ್ಕೆ ಹೋಯಿತು, ಪಿಕ್‌ಆಫ್‌ಗೆ (ಓಟಗಾರನನ್ನು ಹಿಡಿಯಲು ಪಿಚರ್ ಬೇಸ್‌ನತ್ತ ಎಸೆಯುವುದು) ಮಿತಿ ಬಂತು. ಇಡೀ ಎಂಎಲ್‌ಬಿಯಲ್ಲಿ 2022ಕ್ಕೆ 2,486 ಇದ್ದ ಸ್ಟೀಲ್ 2023ಕ್ಕೆ 3,503 ಆಯಿತು, 2024ರಲ್ಲಿ 3,617. ಹಳೆಯ ಲೆಕ್ಕ ಹಿಡಿದವರು ಬರೀ ಓಡುವವನಿಗೆ ಇಪ್ಪತ್ತು ಡಾಲರ್ ಸುರಿದರು. ಅದೇ ಸ್ಟೀಲ್ ಈಗ ಮೂರು ಡಾಲರ್‌ಗೂ ಸಿಗುತ್ತದೆ, ಬ್ರೈಸ್ ಟುರಾಂಗ್ ಅದಕ್ಕೆ ಸಾಕ್ಷಿ: ವರ್ಷದ ಕೊನೆಗೆ ಅವನದು 50.

ಹಿಟ್ಟರ್‌ಗಳಲ್ಲಿ ಬಾಬಿ ವಿಟ್ ಜೂನಿಯರ್ 41 ಡಾಲರ್, ಎಲಿ ಡೆ ಲಾ ಕ್ರೂಸ್ 29, ಲೂಯಿಸ್ ರಾಬರ್ಟ್ 27, ಬೋ ಬಿಶೆಟ್ 21, ವಿಲಿಯಂ ಕಾಂಟ್ರೆರಸ್ 20, ಸಾಲ್ವಡಾರ್ ಪೆರೆಸ್ 11, ಜ್ಯಾರನ್ ಡುರಾನ್ 10, ಬ್ರೆಂಟ್ ರೂಕರ್ 8, ಟುರಾಂಗ್ 3. ಉಳಿದ ಐವರಿಗೆ ಸೇರಿ 38. ವಿಟ್ .332, 32 ಹೋಮ್‌ರನ್, 31 ಸ್ಟೀಲ್ ಕೊಟ್ಟ. ಡೆ ಲಾ ಕ್ರೂಸ್ 67 ಸ್ಟೀಲ್, ಅದರ ಮೇಲೆ 25 ಹೋಮ್‌ರನ್. ರೂಕರ್‌ನ ಎಂಟು ಡಾಲರ್‌ಗೆ 39 ಹೋಮ್‌ರನ್, 112 ಆರ್‌ಬಿಐ.

ಮುಳುಗಿದ್ದೂ ಇದೆ. ಬಿಶೆಟ್ 81 ಪಂದ್ಯದಲ್ಲಿ .225, ಬರೀ 4 ಹೋಮ್‌ರನ್. ರಾಬರ್ಟ್ ಏಪ್ರಿಲ್‌ನಲ್ಲೇ ಸೊಂಟದ ಸ್ನಾಯು ಕೆಡಿಸಿಕೊಂಡ, ಬಂದ ಮೇಲೂ .224. ಇಬ್ಬರಿಗೂ ಸೇರಿ 48 ಡಾಲರ್, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಆದರೂ 53 ಪಾಯಿಂಟು ಬಂತು. ಹಿಟ್ಟರ್ ಕೆಟ್ಟರೆ ಬದಲಿ ಸಿಗುತ್ತಾನೆ, ದಿನಾ ಆಡುವ ಮತ್ತೊಬ್ಬ ಬೆಂಚಿನಲ್ಲೋ ಫ್ರೀ ಏಜೆಂಟ್ (ಯಾರೂ ಕೊಳ್ಳದವರ) ಪಟ್ಟಿಯಲ್ಲೋ ಇದ್ದೇ ಇರುತ್ತಾನೆ. ದುಬಾರಿ ಪಿಚರ್ ಕೆಟ್ಟರೆ ಹಾಗಲ್ಲ. ಅದೇ ವರ್ಷ ಸ್ಪೆನ್ಸರ್ ಸ್ಟ್ರೈಡರ್ ಎರಡೇ ಸ್ಟಾರ್ಟ್ (ಪಿಚರ್ ಆಗಿ ಪಂದ್ಯ ಶುರು ಮಾಡುವುದು) ಮಾಡಿ ಮೊಣಕೈ ಶಸ್ತ್ರಚಿಕಿತ್ಸೆಗೆ ಹೋದ, ಶೇನ್ ಬೀಬರ್‌ದೂ ಎರಡೇ ಸ್ಟಾರ್ಟ್, ಗೆರಿಟ್ ಕೋಲ್ ಶುರು ಮಾಡಿದ್ದೇ ಜೂನ್ 19ಕ್ಕೆ. ನಮ್ಮ ಲೀಗಿನಲ್ಲಿ ಸ್ಟ್ರೈಡರ್ ಹೋದದ್ದು ಮೂವತ್ತು ದಾಟಿ. ಕೊಂಡ ತಂಡ ಹತ್ತನೆಯದಾಯಿತು.

ಈಗ 52ರ ವಿವರ. ಲೋಗನ್ ಗಿಲ್ಬರ್ಟ್ 16, ಬಾಬಿ ಮಿಲ್ಲರ್ 10, ರಾಬರ್ಟ್ ಸುವಾರೆಸ್ 9, ಮೇಸನ್ ಮಿಲ್ಲರ್ 7, ಬ್ರೈಸ್ ಮಿಲ್ಲರ್ 5, ಸೆತ್ ಲೂಗೊ 2, ರೆನಾಲ್ಡೊ ಲೋಪೆಸ್ 1, ಕರ್ಬಿ ಯೇಟ್ಸ್ 1, ಒಂದು ಡಾಲರಿನ ಸೆಟಪ್ ಪಿಚರ್ (ಪಂದ್ಯ ಮುಗಿಸುವವನಿಗೆ ಮುಂಚೆ ಎಸೆಯುವವನು) ಒಬ್ಬ. ಮೂವರು ಮಿಲ್ಲರ್ (ಗಿರಣಿಯವನು ಅಂತ ಅರ್ಥ) ಇದ್ದದ್ದಕ್ಕೆ ಹಿಟ್ಟಿನ ಗಿರಣಿ ಅಂತ ತಮಾಷೆ ಮಾಡಿದರು. ಮೂವರಲ್ಲಿ ಇಬ್ಬರು ಚೆನ್ನಾಗಿ ಬೀಸಿದರು. ಬಾಬಿ ಮಾತ್ರ 8.52 ಇಆರ್‌ಎ. ಇಂಥವನನ್ನು ಮುಂದಿನ ವಾರ ಸರಿಹೋಗುತ್ತಾನೆ ಅಂತ ಇಟ್ಟುಕೊಳ್ಳಬಾರದು. ಈ ಪದ್ಧತಿಯಲ್ಲಿ ಒಟ್ಟು ಇನ್ನಿಂಗ್ಸ್ ಕಡಿಮೆ, ಒಂದೇ ಕೆಟ್ಟ ಸ್ಟಾರ್ಟ್ ಇಡೀ ತಂಡದ ಇಆರ್‌ಎಯನ್ನು .04, .05ರಷ್ಟು ಎತ್ತುತ್ತದೆ. ಸತತ ಎರಡು ಸ್ಟಾರ್ಟ್‌ನಲ್ಲಿ ಐದೈದು ರನ್ ಕೊಟ್ಟರೆ ಬೆಂಚು, ಮೂರನೆಯದಕ್ಕೆ ಡ್ರಾಪ್. ಎಷ್ಟು ಡಾಲರ್ ಕೊಟ್ಟಿದ್ದೀರಿ ಅಂತ ಆಗ ನೋಡಬೇಡಿ.

ಸ್ಟಾರ್ಟರ್‌ಗಳನ್ನು ಆರಿಸುವಾಗ ಮೈದಾನ ಮೊದಲು, ಹೆಸರು ಆಮೇಲೆ. ಗಿಲ್ಬರ್ಟ್, ಬ್ರೈಸ್ ಮಿಲ್ಲರ್ ಇಬ್ಬರೂ ಸಿಯಾಟಲ್‌ನವರು. ಅಲ್ಲಿನ ತಂಪು ಗಾಳಿಯಲ್ಲಿ ಚೆಂಡು ದೂರ ಹೋಗುವುದಿಲ್ಲ, ಇಬ್ಬರೂ ವಾಕ್ (ಪುಕ್ಕಟೆ ಬೇಸ್) ಕೊಡುವುದು ಕಡಿಮೆ. ಗಿಲ್ಬರ್ಟ್‌ನ ವಿಪ್ 0.89, ಬ್ರೈಸ್‌ನದು 0.98. ಗಿಲ್ಬರ್ಟ್ 9 ಗೆದ್ದು 12 ಸೋತ ಅಂತ ನಗಬೇಡಿ, ನಾನು ಗೆಲುವು ಕೊಳ್ಳುತ್ತಿರಲಿಲ್ಲ. ಲೂಗೊ ಎರಡು ಡಾಲರ್‌ಗೆ 206 ಇನ್ನಿಂಗ್ಸ್, 3.00 ಇಆರ್‌ಎ, ಬೋನಸ್ಸಾಗಿ 16 ಗೆಲುವು. ಲೋಪೆಸ್ ಮಾರ್ಚ್‌ನಲ್ಲಿ ರಿಲೀವರ್ (ಪಂದ್ಯದ ಮಧ್ಯೆ ಬರುವ ಪಿಚರ್) ಅಂತಲೇ ಪಟ್ಟಿಯಲ್ಲಿದ್ದ, ಅಟ್ಲಾಂಟಾ ಸ್ಟಾರ್ಟರ್ ಮಾಡಿತು, 1.99. ರಿಲೀವರ್ ಜಾಗದಲ್ಲಿ ಕೂರಿಸಿಕೊಂಡು ಸ್ಟಾರ್ಟರ್‌ನ ಇನ್ನಿಂಗ್ಸ್ ತೆಗೆಯಬಹುದಾದ ಆಟಗಾರ ಪ್ರತಿ ವರ್ಷ ಇಬ್ಬರು ಮೂವರು ಸಿಗುತ್ತಾರೆ. ಅವರನ್ನು ಹುಡುಕುವುದು ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಮುಂದಿನ ಮಾರ್ಚ್‌ನಲ್ಲಿ ಇದೇ ಹನ್ನೊಂದು ಜನರ ಜೊತೆ ಕೂರಬೇಕು.

ಸೇವ್ ವಿಷಯ. ಕ್ಲೋಸರ್‌ಗೆ (ಕೊನೆಯ ಇನ್ನಿಂಗ್ಸ್ ಎಸೆದು ಸೇವ್ ತೆಗೆಯುವವನು) ಹತ್ತು ಡಾಲರ್ ದಾಟಬಾರದು, ಒಬ್ಬರಿಗಿಂತ ಹೆಚ್ಚು ಜನ ಬೇಕು, ಕೆಲಸ ಕಳೆದುಕೊಳ್ಳುವ ಲಕ್ಷಣ ಇರುವ ಕ್ಲೋಸರ್‌ನ ಹಿಂದೆ ನಿಂತವನಿಗೆ ಒಂದು ಡಾಲರ್ ಇಡಬೇಕು. ಟೆಕ್ಸಸ್‌ನಲ್ಲಿ ಹೊಸೆ ಲೆಕ್ಲರ್ಕ್ ಕ್ಲೋಸರ್ ಅಂತ ಎಲ್ಲರೂ ಅವನ ಹಿಂದೆ. ಸೀಸನ್ ಶುರುವಾಗಿ ಕೆಲವೇ ವಾರದಲ್ಲಿ ಒಂಬತ್ತನೇ ಇನ್ನಿಂಗ್ಸ್ ಯೇಟ್ಸ್ ಕೈಗೆ ಬಂತು: 33 ಸೇವ್, 1.17. ಸುವಾರೆಸ್ 36. ಮೇಸನ್ ಮಿಲ್ಲರ್ 28, ಜೊತೆಗೆ 65 ಇನ್ನಿಂಗ್ಸ್‌ನಲ್ಲಿ 104 ಸ್ಟ್ರೈಕ್‌ಔಟ್. ಹದಿನೇಳು ಡಾಲರ್‌ಗೆ ನೂರಕ್ಕೆ ಮೂರು ಕಡಿಮೆ. ಇಪ್ಪತ್ತರ ಮೇಲೆ ಕೊಟ್ಟು ಒಬ್ಬನೇ ದೊಡ್ಡ ಕ್ಲೋಸರ್ ಕೊಂಡವರು ಎಷ್ಟು ತೆಗೆದರು ಅಂತ ಅವರೇ ಎಣಿಸಿಕೊಳ್ಳಲಿ. ಮೇಸನ್ ಜುಲೈನಲ್ಲಿ ಸಿಟ್ಟಿಗೆ ಟೇಬಲ್ ಗುದ್ದಿ ಎಡಗೈ ಮುರಿದುಕೊಂಡ. ಆ ವಾರಗಳಲ್ಲಿ ಜಾಗ ತುಂಬಿಸಿದ್ದು ಕ್ಲೀವ್‌ಲ್ಯಾಂಡಿನ ಕೇಡ್ ಸ್ಮಿತ್, ಫಾಬ್‌ನಲ್ಲಿ (ಸೀಸನ್ ಮಧ್ಯೆ ಬಿಡ್ ಮಾಡಿ ಹೊಸಬರನ್ನು ಕೊಳ್ಳುವ ಬೇರೆ ಬಜೆಟ್) ಸೊನ್ನೆ ಡಾಲರ್. ಸೇವ್ ಒಂದೂ ಬೇಡ ಅಂದುಕೊಂಡೇ ತೆಗೆದುಕೊಂಡದ್ದು. ವರ್ಷಕ್ಕೆ 75 ಇನ್ನಿಂಗ್ಸ್, 1.91, 103 ಸ್ಟ್ರೈಕ್‌ಔಟ್. ಇಂಥ ಸೆಟಪ್ ಪಿಚರ್ ಇಬ್ಬರಿದ್ದರೆ ಮಧ್ಯಮ ದರ್ಜೆಯ ಒಬ್ಬ ಸ್ಟಾರ್ಟರ್‌ಗಿಂತ ಮೇಲು.

ಫಾಬ್ ನೂರು ಡಾಲರ್. ಇದರಲ್ಲಿ ಎರಡು ದೊಡ್ಡ ಗಲಾಟೆ. ಏಪ್ರಿಲ್ 1ಕ್ಕೆ ಹ್ಯೂಸ್ಟನ್‌ನ ರೊನೆಲ್ ಬ್ಲಾಂಕೊ ನೋ-ಹಿಟ್ಟರ್ (ಎದುರಾಳಿಗೆ ಒಂದೂ ಹಿಟ್ ಕೊಡದ ಪಂದ್ಯ) ಎಸೆದ, ಆ ಭಾನುವಾರ ಅವನ ಬೆಲೆ ಮೂವತ್ತರ ಮೇಲೆ. ಮೇ 11ಕ್ಕೆ ಪಾಲ್ ಸ್ಕೀನ್ಸ್ ಬಂದಾಗ ಐವತ್ತರ ಹತ್ತಿರ. ಎರಡಕ್ಕೂ ನಾನು ಕೈ ಹಾಕಲಿಲ್ಲ. ಸ್ಕೀನ್ಸ್ 1.96 ಇಆರ್‌ಎ, 133 ಇನ್ನಿಂಗ್ಸ್‌ನಲ್ಲಿ 170 ಸ್ಟ್ರೈಕ್‌ಔಟ್ ಕೊಟ್ಟದ್ದು ನಿಜ, ಎರಡನೇ ಸ್ಥಾನದ ತಂಡ ಅಷ್ಟು ಹತ್ತಿರ ಬಂದದ್ದೇ ಅವನಿಂದ. ಆದರೆ ಜೂನ್ ನಂತರ ಆ ತಂಡದ ಕೈಯಲ್ಲಿ ಕಾಸಿರಲಿಲ್ಲ, ಇಬ್ಬರು ಔಟ್‌ಫೀಲ್ಡರ್ ಗಾಯಗೊಂಡಾಗ ಉಳಿದವರ ಎಂಜಲು ತೆಗೆದುಕೊಳ್ಳಬೇಕಾಯಿತು. ನಾನು ಏಪ್ರಿಲ್‌ನಲ್ಲಿ ಮೂರು ಡಾಲರ್‌ಗೆ ಜುರಿಕ್ಸನ್ ಪ್ರೊಫಾರ್ ತೆಗೆದೆ: .280, 24 ಹೋಮ್‌ರನ್, 85 ಆರ್‌ಬಿಐ. ನಲವತ್ತಕ್ಕೂ ಹೆಚ್ಚು ಡಾಲರ್ ಆಗಸ್ಟ್‌ವರೆಗೆ ಉಳಿಸಿದ್ದೆ. ಜುಲೈ 30ರ ಟ್ರೇಡ್ ಗಡುವಿನ ನಂತರ ಕ್ಲೋಸರ್‌ಗಳು ಊರು ಬದಲಾಯಿಸುತ್ತಾರೆ, ಹೊಸಬರು ಹುಟ್ಟುತ್ತಾರೆ. ಆಗ ಕೈಯಲ್ಲಿ ಕಾಸಿರುವವನದೇ ರಾಜ್ಯ.

ಇಬ್ಬರು ಕ್ಯಾಚರ್ ಲೀಗಿನಲ್ಲಿ ಎಲ್ಲರೂ ಎರಡನೇ ಕ್ಯಾಚರ್‌ಗೆ ಒಂದು ಡಾಲರ್ ಎಸೆದು ಸುಮ್ಮನಾಗುತ್ತಾರೆ. ಒಂದು ಡಾಲರಿನ ಕ್ಯಾಚರ್ ವಾರಕ್ಕೆ ಮೂರು ದಿನ ಆಡಿ .210 ಹೊಡೆಯುತ್ತಾನೆ. ಕಾಂಟ್ರೆರಸ್, ಪೆರೆಸ್ ಇಬ್ಬರೂ ಕ್ಯಾಚ್ ಹಿಡಿಯದ ದಿನ ಡಿಎಚ್ (ಫೀಲ್ಡಿಂಗ್ ಇಲ್ಲದೆ ಬ್ಯಾಟಿಂಗ್ ಮಾತ್ರ) ಅಥವಾ ಫಸ್ಟ್ ಬೇಸ್, ಹಾಗಾಗಿ ಇಬ್ಬರೂ 150 ಪಂದ್ಯ ದಾಟಿದರು. ಪೆರೆಸ್ ಒಬ್ಬನೇ 104 ಆರ್‌ಬಿಐ. ಆ 31 ಡಾಲರ್ ನನ್ನ ಪ್ರಕಾರ ಇಡೀ ಹರಾಜಿನ ಅತ್ಯುತ್ತಮ ಖರ್ಚು, ವಿಟ್‌ಗಿಂತಲೂ. ಒಟಾನಿಯ ಬಗ್ಗೆ ಕೇಳುವವರಿಗೆ: 54 ಹೋಮ್‌ರನ್, 59 ಸ್ಟೀಲ್ ಸರಿ, ಆದರೆ ಆ ವರ್ಷ ಡಿಎಚ್ ಮಾತ್ರ, ಯುಟಿಲಿಟಿ ಜಾಗ (ಯಾವ ಹಿಟ್ಟರ್‌ನನ್ನಾದರೂ ಕೂರಿಸಬಹುದಾದದ್ದು) ಆರು ತಿಂಗಳು ಬೀಗ. ಕೊಂಡವರು ಮೂರನೇ ಸ್ಥಾನದಲ್ಲಿದ್ದಾರೆ. ಇನ್ನೊಮ್ಮೆ ಅದೇ ಬೆಲೆಗೆ ಸಿಕ್ಕರೆ ನಾನೂ ಕೊಳ್ಳುತ್ತೇನೆ, ಸುಳ್ಳು ಹೇಳುವುದಿಲ್ಲ.

ಬದಿಯಲ್ಲಿ ಎರಡು ಪ್ರಯೋಗ. ಒಂದು, ಲೂಯಿಸ್ ಅರೈಸ್. .314 ಆವರೇಜ್, ಬರೀ 4 ಹೋಮ್‌ರನ್. ತಂಡದ 7,000 ಅಟ್-ಬ್ಯಾಟ್‌ನಲ್ಲಿ ಅವನೊಬ್ಬ ಸುಮಾರು .005 ಎತ್ತುತ್ತಾನೆ, ಅಂದರೆ ಮೂರು ಪಾಯಿಂಟು. ಆ ಜಾಗದಲ್ಲಿ ಸಾಧಾರಣ ಹಿಟ್ಟರ್ ಕೊಡುವ ಹೋಮ್‌ರನ್, ಆರ್‌ಬಿಐ ಕಳೆದರೆ ಹೆಚ್ಚುಕಡಿಮೆ ಮೂರೇ ಹೋಗುತ್ತದೆ. ಜೂನ್‌ನಲ್ಲಿ ಕಾಗದದ ಮೇಲೆ ಹಾಕಿ ನೋಡಿ ಬಿಟ್ಟೆ. ಎರಡು, ಶಿಕಾಗೋದ ವೈಟ್ ಸಾಕ್ಸ್ ತಂಡದ ವಿರುದ್ಧ ಆಡುವ ಯಾವುದೇ ಸ್ಟಾರ್ಟರ್‌ನನ್ನು ಒಂದು ದಿನಕ್ಕೆ ತೆಗೆದುಕೊಳ್ಳುವುದು. ಆ ವರ್ಷ ಅವರು 121 ಸೋತರು, ಮಧ್ಯದಲ್ಲಿ ಸತತ 21. ನಮ್ಮ ಗೆಲುವಿನ ನಾಲ್ಕು ಪಾಯಿಂಟು ಒಂದಕ್ಕೆ ಇಳಿಯದಿರಲು ಇದೇ ಕಾರಣ. ಇದನ್ನೇ ಡೆನ್ವರ್‌ನ ಕೂರ್ಸ್ ಫೀಲ್ಡಿನಲ್ಲಿ ಮಾಡಬೇಡಿ. ಎದುರಾಳಿ ಎಷ್ಟೇ ದುರ್ಬಲವಾಗಿರಲಿ, ಒಂದು ಮೈಲಿ ಎತ್ತರದ ಗಾಳಿಯಲ್ಲಿ ಕರ್ವ್‌ಬಾಲ್ ಸರಿಯಾಗಿ ತಿರುಗುವುದಿಲ್ಲ.

ಟ್ರೇಡ್ ಒಂದೇ. ಆಲ್-ಸ್ಟಾರ್ ವಿರಾಮದ ಹೊತ್ತಿಗೆ ಸ್ಟೀಲ್‌ನಲ್ಲಿ ಎರಡನೆಯವರಿಗಿಂತ ನಲವತ್ತು ಮುಂದೆ. ಮೊದಲ ಸ್ಥಾನಕ್ಕೆ ಒಂದು ಹೆಚ್ಚಿದ್ದರೂ ಹನ್ನೆರಡೇ, ನಲವತ್ತು ಹೆಚ್ಚಿದ್ದರೂ ಹನ್ನೆರಡೇ. ಟುರಾಂಗ್ ಕೊಟ್ಟು ಟಿಯೋಸ್ಕರ್ ಹೆರ್ನಾಂಡೆಸ್ ತೆಗೆದುಕೊಂಡೆ. ಹೋಮ್‌ರನ್‌ನಲ್ಲಿ ಏಳರಿಂದ ಹತ್ತಕ್ಕೆ ಏರಿದ್ದು ಅದರಿಂದಲೇ. ಇನ್ನೊಂದು ಲಾಭ, ಟುರಾಂಗ್ ಹೋದದ್ದು ಸ್ಟೀಲ್‌ನಲ್ಲಿ ನಮ್ಮ ಪ್ರತಿಸ್ಪರ್ಧಿಗಿಂತ (ಕೊನೆಗೆ ಎರಡನೆಯದಾದ ತಂಡ) ಸ್ವಲ್ಪ ಕೆಳಗಿದ್ದ ತಂಡಕ್ಕೆ. ಅವರು ಮೇಲೆ ಬಂದು ಪ್ರತಿಸ್ಪರ್ಧಿಯ ಒಂದು ಪಾಯಿಂಟು ಕಿತ್ತರು. ಯಾರಿಗೆ ಕೊಡಬೇಕು ಅಂತ ನೋಡದೆ ಟ್ರೇಡ್ ಮಾಡುವವರು ಅರ್ಧ ಲಾಭ ಬಿಟ್ಟುಕೊಡುತ್ತಾರೆ.

ಈ ಪದ್ಧತಿಯ ನಿಜವಾದ ಅಪಾಯ ಇನ್ನಿಂಗ್ಸ್ ಕನಿಷ್ಠ ಮಿತಿ. ನಮ್ಮಲ್ಲಿ 1,000, ಮುಟ್ಟದಿದ್ದರೆ ಇಆರ್‌ಎ, ವಿಪ್ ಎರಡಕ್ಕೂ ಸೊನ್ನೆ. 24 ಪಾಯಿಂಟು ಒಂದೇ ಏಟಿಗೆ ಮಾಯ. ಲೋಪೆಸ್ ಗಾಯದ ಪಟ್ಟಿಗೆ ಹೋಗಿ ಬಂದು ಮಾಡಿ 135ಕ್ಕೆ ನಿಂತ, ಬಾಬಿಯ ಜಾಗ ಖಾಲಿ. ಸೆಪ್ಟೆಂಬರ್ ಮಧ್ಯದಲ್ಲಿ ಇನ್ನೂ ಎಪ್ಪತ್ತರಷ್ಟು ಬಾಕಿ ಇತ್ತು. ಆಗಸ್ಟ್ ಕೊನೆಗೇ ವಾರಕ್ಕೆ ಎಷ್ಟು ಬೇಕು ಅಂತ ಭಾಗಿಸಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಕೊನೆಯ ವಾರ ಸಿಕ್ಕಸಿಕ್ಕವರನ್ನು ಹಾಕಿ ಕಟ್ಟಿದ್ದನ್ನೆಲ್ಲ ಕೆಡವುತ್ತೀರಿ. ಲೂಗೊ, ಗಿಲ್ಬರ್ಟ್, ಬ್ರೈಸ್ ಮೂವರ ಸರದಿ ಮತ್ತು ಎರಡು ಮೂರು ಇನ್ನಿಂಗ್ಸ್ ಎಸೆಯುವ ಲಾಂಗ್ ರಿಲೀವರ್‌ಗಳು ಸೇರಿ 1,010ರ ಆಸುಪಾಸಿಗೆ ಮುಗಿಸಿದರು.

ಸೆಪ್ಟೆಂಬರ್ 29ಕ್ಕೆ ಸೀಸನ್ ಮುಗಿಯಬೇಕಿತ್ತು. ಹೆಲೀನ್ ಚಂಡಮಾರುತದಿಂದ ನಿಂತುಹೋಗಿದ್ದ ಮೆಟ್ಸ್-ಬ್ರೇವ್ಸ್ ಪಂದ್ಯಗಳು ಸೋಮವಾರ, 30ಕ್ಕೆ, ಅಟ್ಲಾಂಟಾದಲ್ಲಿ ಡಬಲ್‌ಹೆಡರ್ (ಒಂದೇ ದಿನ ಎರಡು ಪಂದ್ಯ) ಆದವು, ಅಂಕಿಗಳೂ ಲೀಗಿಗೆ ಸೇರಿದವು. ಪ್ರತಿಸ್ಪರ್ಧಿಯ ಬಳಿ ಕ್ರಿಸ್ ಸೇಲ್: 18 ಗೆಲುವು, 2.38, ಕೊಂಡದ್ದು ಹನ್ನೊಂದು ಡಾಲರ್‌ಗೆ. ಇನ್ನೊಂದು ಗೆಲುವು ಬಂದಿದ್ದರೆ ಅವರಿಗೆ ಒಂದೂವರೆ ಪಾಯಿಂಟು, ಏಳೆಂಟು ಸ್ಟ್ರೈಕ್‌ಔಟ್ ಸೇರಿದ್ದರೆ ಮತ್ತೊಂದು, ಅಲ್ಲಿಗೆ ಸಮ. ಸೇಲ್‌ಗೆ ಬೆನ್ನು ಹಿಡಿದುಕೊಂಡಿತು, ಎಸೆಯಲೇ ಇಲ್ಲ.

ಹಣದ ಲೆಕ್ಕ: ಪ್ರವೇಶ ನೂರು, ಒಟ್ಟು 1,200. ಮೊದಲನೆಯದಕ್ಕೆ 600, ಎರಡನೆಯದಕ್ಕೆ 300, ಮೂರನೆಯದಕ್ಕೆ 150, ಉಳಿದದ್ದು ಸೈಟ್ ಶುಲ್ಕಕ್ಕೆ ಮತ್ತು ಹರಾಜಿನ ದಿನದ ಊಟಕ್ಕೆ. ಆಟಗಾರರನ್ನು ಬದಲಾಯಿಸುವ ಶುಲ್ಕ ಒಂದೊಂದು ಡಾಲರಿನಂತೆ ಮೂವತ್ತು ಚಿಲ್ಲರೆ ಹೋಗಿ ಕೈಯಲ್ಲಿ ಉಳಿದದ್ದು ನಾನೂರ ಅರವತ್ತರ ಹತ್ತಿರ. ಮುಂದಿನ ಹರಾಜಿಗೆ ಈಗಾಗಲೇ ಇಬ್ಬರು 80-20 ಅನ್ನುತ್ತಿದ್ದಾರೆ. ಮೂವರು ಅದನ್ನೇ ಮಾಡಿದರೆ ಒಂದು ಡಾಲರಿನ ಪಿಚರ್‌ಗಳು ನಾಲ್ಕು ಡಾಲರ್ ಆಗುತ್ತಾರೆ, ಏಸ್‌ಗಳು ಅಗ್ಗವಾಗುತ್ತಾರೆ. ಆಗ ನಾನು ಎಷ್ಟಕ್ಕೆ ಇಳಿಯುತ್ತೇನೆ ಅನ್ನುವುದನ್ನು ಸದ್ಯಕ್ಕೆ ಹೇಳುವುದಿಲ್ಲ.