ದಿನಕ್ಕೆ ಮೂರು ಮಾತ್ರೆಯಿಂದ ಲಾಂಗ್ ಆಕ್ಟಿಂಗ್‌ಗೆ: ನನ್ನ ಅನುಭವ

ಆಂಗ್ಸೈಟಿಗೆ, ಅಂದ್ರೆ ಆತಂಕಕ್ಕೆ, ದಿನಕ್ಕೆ ಮೂರು ಸಲ ನುಂಗುತ್ತಿದ್ದ ಮಾತ್ರೆ ಬಿಟ್ಟು ಮೈಯಲ್ಲಿ ಹೆಚ್ಚು ಹೊತ್ತು ಉಳಿಯುವ ಲಾಂಗ್ ಆಕ್ಟಿಂಗ್ ಮಾತ್ರೆಗೆ ಹೋಗುತ್ತೇನೆ ಎಂದಾಗ, ಆಗಲ್ಲ ಎಂದವರೇ ಜಾಸ್ತಿ. ಹಾಸನದಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿರುವ ನಾದಿನಿಯ ಗಂಡ, "ಅತ್ತಿಗೆ, ಲಾಂಗ್ ಆಕ್ಟಿಂಗ್ ಅಂದ್ರೆ ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತೆ, ಈಗಿರೋದೇ ಇರ್ಲಿ ಬಿಡಿ" ಎಂದರು. ಅತ್ತೆಯವರು, "ಮಾತ್ರೆ ಬದಲಾಯಿಸಿದ್ರೆ ಮನಸ್ಸು ಬದಲಾಗುತ್ತೇನಮ್ಮಾ?" ಎಂದರು. ನಮ್ಮ ಯಜಮಾನರು ಬಾಯಿ ಬಿಟ್ಟು ಏನೂ ಹೇಳಲಿಲ್ಲ, ಮುಖ ನೋಡಿದರೆ ಸಾಕಿತ್ತು. ಈಗ ಹೆಚ್ಚುಕಡಿಮೆ ಒಂದೂವರೆ ವರ್ಷವಾಯಿತು. ಆ ಹಳೇ ಮಾತ್ರೆ, ಆಲ್ಪ್ರಾಜೋಲಾಮ್, ಪೂರ್ತಿ ಹೋಗಿದೆ. ಅದರ ಜಾಗಕ್ಕೆ ಬಂದ ಅದೇ ಜಾತಿಯ ಲಾಂಗ್ ಆಕ್ಟಿಂಗ್ ಮಾತ್ರೆ, ಕ್ಲೋನಾಜೆಪಾಮ್, ಕಾಲು ಭಾಗಕ್ಕೆ ಇಳಿದಿದೆ. ಆತಂಕಕ್ಕೆ ದಿನಾ ತೆಗೆದುಕೊಳ್ಳುವ, ನಿಧಾನಕ್ಕೆ ಕೆಲಸ ಮಾಡುವ ಬೇರೆ ಜಾತಿಯ ಮಾತ್ರೆ ಎಸಿಟಾಲೋಪ್ರಾಮ್ ಮಾತ್ರ ಹಾಗೇ ಇದೆ. ಆದ್ದರಿಂದ ಬರೆಯುವ ಧೈರ್ಯ ಬಂದಿದೆ. ಈ ಹೆಸರುಗಳು ಗೊತ್ತಿದ್ದವರಿಗಾಗಿ ಬರೆಯುತ್ತಿದ್ದೇನೆ, ಆಂಗ್ಸೈಟಿ ಎಂದರೇನು ಎಂಬಲ್ಲಿಂದ ಶುರು ಮಾಡುವುದಿಲ್ಲ.

ಚಿಕ್ಕಪೇಟೆಯ ಜವಳಿ ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡುವ ಆಫೀಸಿನಲ್ಲಿ ನನ್ನ ಕೆಲಸ. 11ನೇ ತಾರೀಖು ಜಿಎಸ್‌ಟಿಆರ್-1, 20ಕ್ಕೆ 3ಬಿ, ಮೊದಲನೆಯದು ಮಾರಾಟದ ಲೆಕ್ಕ, ಎರಡನೆಯದು ತೆರಿಗೆ ಕಟ್ಟುವ ರಿಟರ್ನ್. ನಡುವೆ ಬಿಲ್ ಕಳಿಸದ ವ್ಯಾಪಾರಿಗಳು. ನನ್ನ ಎದೆಬಡಿತಕ್ಕೆ ಈ ತಾರೀಖುಗಳೇ ಕಾರಣ ಎಂದು ಮನೆಯವರೂ ಆಫೀಸಿನವರೂ ತೀರ್ಮಾನ ಮಾಡಿದ್ದರು. ಆಗ ನುಂಗುತ್ತಿದ್ದದ್ದು ಆಲ್ಪ್ರಾಜೋಲಾಮ್ 0.25 ಮಿಲಿಗ್ರಾಂ, ಬೆಳಿಗ್ಗೆ ಎಂಟು, ಸಂಜೆ ಐದು, ರಾತ್ರಿ ಹತ್ತು. ಒಂದು ವಾರಕ್ಕೆಂದು ಬರೆದ ಚೀಟಿ ವರ್ಷಗಟ್ಟಲೆ ಎಳೆದಿತ್ತು.

ಲೆಕ್ಕದವಳ ಬುದ್ಧಿ ಎಲ್ಲಿ ಹೋಗುತ್ತದೆ? ಒಂದು ಉದ್ದ ನೋಟ್‌ಬುಕ್ ತಂದು ಕಾಲಂ ಹಾಕಿದೆ. ಗಂಟೆ, ಮಾತ್ರೆ, ಕಾಫಿ, ಭಯಕ್ಕೆ ಹತ್ತರಲ್ಲಿ ಎಷ್ಟು ಅಂಕ, ಕೊನೆಗೆ ಷರಾ. ಒಂದು ತಿಂಗಳು ಬರೆದು ಟ್ಯಾಲಿ ಮಾಡಿದಾಗ ಆಶ್ಚರ್ಯವಾಯಿತು. 20ನೇ ತಾರೀಖು, ಭಯ ಜಾಸ್ತಿ ಇರಲೇಬೇಕಾದ ದಿನ, ಹಗಲಿಡೀ ಐದು ಆರು. ಏನೂ ಕೆಲಸವಿಲ್ಲದ ಭಾನುವಾರವೂ ಐದು ಆರು. ಆದರೆ ಯಾವ ದಿನವಾದರೂ ಸರಿ, ಸಂಜೆ ನಾಲ್ಕರ ಹೊತ್ತಿಗೆ ಎಂಟು, ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಮತ್ತೆ ಎಂಟು. ಭಯ ಕ್ಯಾಲೆಂಡರ್ ನೋಡುತ್ತಿರಲಿಲ್ಲ, ಗಡಿಯಾರ ನೋಡುತ್ತಿತ್ತು. ಹಿಂದಿನ ಮಾತ್ರೆ ಇಳಿದು ಮುಂದಿನದು ಇನ್ನೂ ಬಾರದ ಹೊತ್ತು ಅದು.

ಇದನ್ನು ಹೊಸ ಡಾಕ್ಟರಿಗೆ ತೋರಿಸಿದೆ. ಅವರು ಪುಟ ತಿರುವಿ, "ಅರ್ಧ ಕೇಸ್ ನೀವೇ ಬರೆದಿದ್ದೀರಿ" ಎಂದರು. (ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ, ಇಲ್ಲೂ ಹೇಳುತ್ತಿದ್ದೇನೆ.) ಆಲ್ಪ್ರಾಜೋಲಾಮ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 11 ಗಂಟೆ ಸಾಕು. ಕ್ಲೋನಾಜೆಪಾಮ್‌ಗೆ 30ರಿಂದ 40 ಗಂಟೆ ಬೇಕು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾವೇರಿ ನೀರು ಎಷ್ಟೋ ಕಡೆ ದಿನ ಬಿಟ್ಟು ದಿನ ಬರುತ್ತದೆ. ಸಂಪ್ ಇದ್ದವರಿಗೆ ಅದು ಗೊತ್ತೇ ಆಗುವುದಿಲ್ಲ, ನಲ್ಲಿಯ ಕೆಳಗೆ ಬಿಂದಿಗೆ ಇಟ್ಟು ಕಾಯುವವರಿಗೆ ಪ್ರತಿ ನಿಮಿಷವೂ ಗೊತ್ತಾಗುತ್ತದೆ.

ಆದರೆ ಕೆಲಸ ಮೊದಲ ಸಲಕ್ಕೇ ಆಗಲಿಲ್ಲ. ಇವರ ಹತ್ತಿರ ಬರುವ ಮೊದಲೇ ಬೇರೆ ಕಡೆ ಎರಡು ಪ್ರಯತ್ನ ಕೆಟ್ಟಿದ್ದವು. ಮೊದಲನೆಯದು ಆಲ್ಪ್ರಾಜೋಲಾಮ್‌ದೇ ಎಸ್ಆರ್ ಮಾತ್ರೆ, ಅಂದ್ರೆ ಔಷಧಿಯನ್ನು ನಿಧಾನಕ್ಕೆ ಬಿಡುವಂಥದ್ದು. ಹಗಲು ಪರವಾಗಿಲ್ಲ ಎನ್ನಿಸಿತು, ಬೆಳಗಿನ ಜಾವದ ನಾಲ್ಕು ಗಂಟೆ ಮಾತ್ರ ಹೋಗಲಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಎಸ್ಆರ್ ಮಾತ್ರೆಯನ್ನು ಮುರಿಯುವ ಹಾಗಿಲ್ಲ, ಅಗಿಯುವ ಹಾಗಿಲ್ಲ. ಮುರಿದರೆ ನಿಧಾನವಾಗಿ ಬಿಡುವ ಏರ್ಪಾಡೇ ಹೋಗುತ್ತದೆ. ಸ್ವಲ್ಪ ಸ್ವಲ್ಪ ಇಳಿಸಬೇಕು ಎನ್ನುವವರಿಗೆ ಮುರಿಯಲಾಗದ ಮಾತ್ರೆ ತೆಗೆದುಕೊಂಡು ಏನು ಮಾಡುವುದು?

ಎರಡನೆಯ ಪ್ರಯತ್ನದಲ್ಲಿ ಒಂದೇ ರಾತ್ರಿಗೆ ಆಲ್ಪ್ರಾಜೋಲಾಮ್ ಬಂದ್, ಕ್ಲೋನಾಜೆಪಾಮ್ ಶುರು. ಜೊತೆಗೆ ಎಸಿಟಾಲೋಪ್ರಾಮ್ ನೇರವಾಗಿ 10 ಮಿಲಿಗ್ರಾಂ. ಆ ವಾರದ ಷರಾ ಕಾಲಂ ಈಗ ಓದಿದರೂ ಕೈ ತಣ್ಣಗಾಗುತ್ತದೆ. ಬೆಳಿಗ್ಗೆ ತಲೆ ಭಾರ, ಮಧ್ಯಾಹ್ನ ವಾಕರಿಕೆ, ಸಂಜೆ ಕೈ ನಡುಕ, ರಾತ್ರಿ ಎಂದೂ ಕಾಣದ ಬಣ್ಣಬಣ್ಣದ ಕನಸು. ಹಳೇ ಮಾತ್ರೆಗೇ ವಾಪಸ್ ಬಂದೆ. ನಾದಿನಿಯ ಗಂಡ ಫೋನಿನಲ್ಲಿ, "ನಾನು ಹೇಳಿರ್ಲಿಲ್ವಾ ಅತ್ತಿಗೆ" ಎಂದರು.

ಹೊಸ ಡಾಕ್ಟರು ಮಾಡಿದ್ದು ಮೂರು ಬದಲಾವಣೆ. ಎಸಿಟಾಲೋಪ್ರಾಮ್ ಅನ್ನು 5 ಮಿಲಿಗ್ರಾಂನಿಂದ ಶುರು ಮಾಡಿ ನಿಧಾನಕ್ಕೆ ಏರಿಸಿದರು. ಆಲ್ಪ್ರಾಜೋಲಾಮ್‌ದು ಒಂದೊಂದೇ ಹೊತ್ತು ತೆಗೆದು ಅಲ್ಲಿಗೆ ಕ್ಲೋನಾಜೆಪಾಮ್ ತಂದರು, ರಾತ್ರಿಯದು ಮೊದಲು, ಸಂಜೆಯದು ಕೊನೆಗೆ. ಮತ್ತೆ ಹೊತ್ತು ಬದಲಾಯಿಸಿದರು. ಎಸಿಟಾಲೋಪ್ರಾಮ್ ರಾತ್ರಿ ತೆಗೆದುಕೊಂಡರೆ ನನಗೆ ನಿದ್ದೆ ಹಾರಿಹೋಗುತ್ತಿತ್ತು, ಅದು ತಿಂಡಿ ಆದ ಮೇಲೆ ಬಂತು. ಕ್ಲೋನಾಜೆಪಾಮ್ ಹತ್ತೂವರೆಗೆ ತೆಗೆದುಕೊಂಡರೆ ಬೆಳಿಗ್ಗೆ ಕುಕ್ಕರ್ ಕೂಗಿದ್ದೂ ಕೇಳುತ್ತಿರಲಿಲ್ಲ, ಅದು ಎಂಟು ಗಂಟೆಗೆ ಬಂತು. ಕೇಳಲು ಸಣ್ಣ ವಿಷಯ. ನನಗೆ ಅರ್ಧ ಗೆಲುವು ಅಲ್ಲೇ.

ಯಾವ ವಾರ ಎಷ್ಟು ಇಳಿಸಿದೆವು ಎಂಬ ಪಟ್ಟಿ ನನ್ನ ಹತ್ತಿರ ಇದೆ. ಕೊಡುವುದಿಲ್ಲ. ಕೇಳಿದ ಇಬ್ಬರು ಗೆಳತಿಯರಿಗೂ ಕೊಟ್ಟಿಲ್ಲ. ಆಲ್ಪ್ರಾಜೋಲಾಮ್, ಕ್ಲೋನಾಜೆಪಾಮ್ ಜಾತಿಯ ಮಾತ್ರೆಯನ್ನು ದಿಢೀರ್ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ನನ್ನ ಲೆಕ್ಕ ನನ್ನ ತೂಕಕ್ಕೆ, ನನ್ನ ಹಳೇ ಡೋಸಿಗೆ ಹಾಕಿದ್ದು. ನಿಮ್ಮದು ನಿಮ್ಮ ಡಾಕ್ಟರ ಹತ್ತಿರ ಹಾಕಿಸಿಕೊಳ್ಳಿ.

ಇನ್ನು ನಿಜವಾದ ಕಷ್ಟಕ್ಕೆ ಬರುತ್ತೇನೆ, ಯಾಕೆಂದರೆ ಹೆಚ್ಚಿನವರು ಬಿಟ್ಟುಬಿಡುವುದು ಇಲ್ಲೇ. ಆಲ್ಪ್ರಾಜೋಲಾಮ್ ನುಂಗಿದ ಅರ್ಧ ಮುಕ್ಕಾಲು ಗಂಟೆಗೆ "ಹಾ, ಹಿಡೀತು" ಎಂದು ಗೊತ್ತಾಗುತ್ತದೆ. ಭುಜ ಇಳಿಯುತ್ತದೆ, ಉಸಿರು ಇಳಿಯುತ್ತದೆ. ನಾವು ಕಾಯುವುದು ಅದಕ್ಕೇ. ಎಸಿಟಾಲೋಪ್ರಾಮ್‌ಗೆ ಅಂಥ ಗಳಿಗೆಯೇ ಇಲ್ಲ, ಕ್ಲೋನಾಜೆಪಾಮ್‌ನದೂ ಬಹಳ ಮೆತ್ತಗೆ. ಮೊದಲ ವಾರ ನಾನು ರಾತ್ರಿ ಎಂಟೂಕಾಲಿಗೆ, ಎಂಟೂವರೆಗೆ, ಒಂಬತ್ತಕ್ಕೆ ನಾಡಿ ಹಿಡಿದು ನೋಡುತ್ತಾ ಕೂತಿರುತ್ತಿದ್ದೆ. ಹಿಡಿದಿದೆಯೇ? ಇಲ್ಲ. ಮಾತ್ರೆ ಸುಳ್ಳು, ಡಾಕ್ಟರು ಸುಳ್ಳು. ಆ ನೋಡುವಿಕೆಯಿಂದಲೇ ಅಂಕ ಏರುತ್ತಿತ್ತು, ನೋಟ್‌ಬುಕ್ಕಿನಲ್ಲಿ ಕಾಣುತ್ತದೆ. ಡಾಕ್ಟರು ನೋಟ್‌ಬುಕ್ಕಿನ ಗಂಟೆ ಕಾಲಂ ಹೊಡೆದುಹಾಕಿ, ದಿನಕ್ಕೆ ಒಂದೇ ಅಂಕ, ಮಲಗುವ ಮುಂಚೆ, ಎಂದರು. ಹಿಂದೆ ನನ್ನನ್ನು ಕಾಪಾಡಿದ ಕಾಲಂ ಅದು! ಸಂಕಟದಿಂದಲೇ ಬಿಟ್ಟೆ.

ಲಾಂಗ್ ಆಕ್ಟಿಂಗ್ ದಿನದಿಂದ ದಿನಕ್ಕೆ ಸೇರಿಕೊಳ್ಳುತ್ತಾ ಹೋಗುತ್ತದೆ, ಮಟ್ಟಕ್ಕೆ ಬರಲು ಸುಮಾರು ಒಂದು ವಾರ ಬೇಕಾಗುತ್ತದೆ. ಹಾಗಾಗಿ ಏನೂ ಆಗಲಿಲ್ಲ ಎಂದ ಮೊದಲ ವಾರದ ಹಿಂದೆಯೇ ಎರಡನೇ ವಾರ ತೂಕಡಿಕೆ ಬರುತ್ತದೆ. ಆಕಳಿಕೆಯಂತೂ ಕೇಳಬೇಡಿ. ಸೀರೆ ಅಂಗಡಿಯ ಯಜಮಾನರ ಮುಂದೆ ಕೂತು ಬಾಯಿಗೆ ಸೆರಗು ಅಡ್ಡ ಹಿಡಿದು ಆಕಳಿಸಿದ್ದೇನೆ. ಎಸಿಟಾಲೋಪ್ರಾಮ್‌ಗೆ ಅದೊಂದು ಗೊತ್ತಿರುವ ಅಡ್ಡ ಪರಿಣಾಮವಂತೆ. ಕೆಲವು ವಾರಕ್ಕೆ ಹೋಯಿತು. ಆ ದಿನಗಳಲ್ಲಿ ಸ್ಕೂಟರ್ ಕೀ ಯಜಮಾನರ ಹತ್ತಿರ ಕೊಟ್ಟುಬಿಟ್ಟಿದ್ದೆ. ಮಹಾಕವಿ ಕುವೆಂಪು ರಸ್ತೆ ಸ್ಟೇಷನ್ನಿನಿಂದ ಮೆಟ್ರೋ ಹಸಿರು ಲೈನ್. ಸಂಪಿಗೆ ರೋಡ್ ದಾಟಿ ರೈಲು ನೆಲದೊಳಕ್ಕೆ ಇಳಿಯುವ ಜಾಗ ನನಗೆ ದಿನಾ ಪರೀಕ್ಷೆ. ಅಲ್ಲಿ ನಾನು ಒಂದು ಉಪಾಯ ಮಾಡುತ್ತೇನೆ, ಕೈಚೀಲದಲ್ಲಿರುವ ಒಂದು ವಸ್ತು. ಅದು ನನ್ನ ಹತ್ತಿರವೇ ಇರಲಿ, ಹೇಳಿದರೆ ಕೆಲಸ ಮಾಡುವುದು ನಿಲ್ಲಿಸುತ್ತದೆ ಎಂಬ ಮೂಢನಂಬಿಕೆ ನನಗಿದೆ. ಒಂದು ದಿನ ಚಿಕ್ಕಪೇಟೆಯಲ್ಲಿ ಇಳಿದು ಮೆಟ್ಟಿಲು ಹತ್ತುವಾಗ ಹೊಳೆಯಿತು, ಸುರಂಗ ಬಂದದ್ದನ್ನೇ ಗಮನಿಸಿರಲಿಲ್ಲ. ಎರಡು ತಿಂಗಳ ಆಸುಪಾಸು ಇರಬೇಕು.

ಮಾತ್ರೆ ಬದಲಾಗುತ್ತಿದ್ದ ಆ ದಿನಗಳಲ್ಲಿ ಬೆಳಗಿನ ಜಾವಕ್ಕೆ ಯಾರನ್ನು ಎಬ್ಬಿಸುವುದು? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದ್ದೇನೆ. ಪುಕ್ಕಟೆ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಹುಡುಗಿ ಅರ್ಧ ಗಂಟೆ ಜೊತೆಯಲ್ಲಿದ್ದಳು, ಅಷ್ಟು ಸಾಕಿತ್ತು.

ದುಡ್ಡಿನ ಲೆಕ್ಕ. ಇದು ಹೃದಯವಲ್ಲ ಎಂದು ತಿಳಿಯಲಿಕ್ಕೇ ಇಸಿಜಿ, ಎಕೋ, ಟ್ರೆಡ್‌ಮಿಲ್, ಥೈರಾಯ್ಡ್, ಒಂದು ರಾತ್ರಿ ಎಮರ್ಜೆನ್ಸಿ ಎಲ್ಲಾ ಸೇರಿ 20 ಸಾವಿರದ ಮೇಲಾಯಿತು. ಥೈರಾಯ್ಡ್ ಪರೀಕ್ಷೆ ಬೇಕಿತ್ತು, ಬೇರೆಯದರಲ್ಲಿ ಅರ್ಧ ದಂಡ. ಸೈಕಿಯಾಟ್ರಿಸ್ಟ್ ಮೊದಲ ಸಲ ಸಾವಿರದ ಹತ್ತಿರ, ಆಮೇಲೆ ಏಳುನೂರು. ಇನ್ಶೂರೆನ್ಸ್ ಕೇಳಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮೈಯ ಕಾಯಿಲೆಗೂ ಮನಸ್ಸಿನ ಕಾಯಿಲೆಗೂ ಒಂದೇ ನ್ಯಾಯ ಎನ್ನುತ್ತದೆ ನಿಜ. ಆದರೆ ನನ್ನ ಪಾಲಿಸಿಯಲ್ಲಿ ಹೊರರೋಗಿ ಖರ್ಚು ಮೈಗೂ ಇಲ್ಲ, ಮನಸ್ಸಿಗೂ ಇಲ್ಲ. ಸಮಾನತೆ ಅಂದ್ರೆ ಇದೇ ಅಲ್ವಾ! ಎಸಿಟಾಲೋಪ್ರಾಮ್ ಬ್ರಾಂಡಿನದು ಹತ್ತಕ್ಕೆ ನೂರರ ಮೇಲೆ ಕೊಡುತ್ತಿದ್ದೆ. ಡಾಕ್ಟರನ್ನು ಕೇಳಿ ಜನೌಷಧಿ ಕೇಂದ್ರಕ್ಕೆ ಬದಲಾಯಿಸಿದೆ, ಕಾಲು ಭಾಗವೂ ಆಗುವುದಿಲ್ಲ. ಒಂದು ಕಿವಿಮಾತು, ಬದಲಾಯಿಸಿದ ಮೇಲೆ ತಿಂಗಳಿಗೊಮ್ಮೆ ಕಂಪನಿ ಬದಲಾಗದ ಹಾಗೆ ನೋಡಿಕೊಳ್ಳಿ. ಮಾತ್ರೆಯ ಬಣ್ಣ ಬೇರೆಯಾದರೂ ನನ್ನಂಥವರಿಗೆ ಅನುಮಾನ ಶುರು. ಹಳೇ ಆಲ್ಪ್ರಾಜೋಲಾಮ್ ಅಗ್ಗವೇ ಇತ್ತು, ಆದರೆ ಅದು ಶೆಡ್ಯೂಲ್ ಎಚ್-ಒನ್. ಅಂಗಡಿಯವರು ರಿಜಿಸ್ಟರಿನಲ್ಲಿ ಹೆಸರು ಬರೆದುಕೊಳ್ಳಬೇಕು, ಮೂರು ವರ್ಷ ಇಟ್ಟಿರಬೇಕು. ಸರಿಯಾದ ನಿಯಮ. ಆದರೂ ಬಡಾವಣೆಯ ಅಂಗಡಿಯಲ್ಲಿ ಹೆಸರು ಬರೆಸುವಾಗ ಪಕ್ಕದ ಮನೆಯವರು ಬಂದು ನಿಂತರೆ ಹೇಗಿರುತ್ತದೆ, ನಿಮಗೇ ಗೊತ್ತು.

ಮಧ್ಯೆ ಬೇರೆ ಬೇರೆ ಪ್ರಯೋಗಗಳೂ ಆದವು. ಅಧಿಕಾರಿಗಳ ಮುಂದೆ ಕೂರುವ ದಿನಕ್ಕೆ ಎದೆಬಡಿತ, ನಡುಕ ಇಳಿಸುವ ಪ್ರೊಪ್ರಾನೊಲಾಲ್ ಕೊಡಿ ಎಂದೆ. ವೀಜಿಂಗ್ (ಉಸಿರಾಡುವಾಗ ಸುಂಯ್ ಎನ್ನುವುದು) ಇದೆ ಎಂದದ್ದೇ ತಡ, ಬೇಡವೇ ಬೇಡ ಎಂದರು, ಆಸ್ತಮಾ ಇರುವವರಿಗೆ ಅದು ಅಪಾಯ. ಅಶ್ವಗಂಧ ಶುರು ಮಾಡಿದ್ದೆ, ಮಂಪರು ಇನ್ನೂ ಹೆಚ್ಚಬಹುದು ಎಂದು ಅದನ್ನೂ ನಿಲ್ಲಿಸಿದರು. ಈ ಊರಿನ ಸೀನು ಬಿಡುವುದಿಲ್ಲವಲ್ಲ, ಸೆಟ್ರಿಜಿನ್ ನುಂಗಿದ ಮರುದಿನ ಆಫೀಸಿಗೆ ಹೋದದ್ದು ಮಧ್ಯಾಹ್ನ. ಅದೂ ಕ್ಲೋನಾಜೆಪಾಮೂ ಸೇರಿದರೆ ನಿದ್ದೆ ಡಬಲ್. ದೇವನಹಳ್ಳಿ ಚಕ್ಕೋತ ಮನೆಯಲ್ಲಿ ಎಲ್ಲರಿಗೂ ಇಷ್ಟ. ಆ ಜಾತಿಯ ಹಣ್ಣು ಕೆಲವು ಮಾತ್ರೆಗಳ ಲೆಕ್ಕ ಕೆಡಿಸುತ್ತದೆ ಎಂದು ಕೇಳಿ ಸುಮ್ನೆ ದೂರ ಇಟ್ಟಿದ್ದೇನೆ. ಕಾಫಿಯದು ಮಾತ್ರ ಗೆದ್ದ ಪ್ರಯೋಗ. ನಾಲ್ಕು ಲೋಟದಿಂದ ಎರಡಕ್ಕೆ, ಎರಡೂ ಮಧ್ಯಾಹ್ನದೊಳಗೆ, ಪುಡಿಯಲ್ಲಿ ಚಿಕೋರಿ ಜಾಸ್ತಿ. ಸಂಜೆಯ ಅಂಕ ಅದರಿಂದಲೇ ಒಂದು ಇಳಿಯಿತು ಎಂದು ನನ್ನ ವಾದ. ಡಾಕ್ಟರು ಒಪ್ಪಿಲ್ಲ, ಅಲ್ಲಗಳೆದೂ ಇಲ್ಲ. ಅತ್ತೆಯವರ ಮಾತಿಗೆ ಗುರುವಾರ ರಾಯರ ಮಠಕ್ಕೂ ಹೋಗುತ್ತೇನೆ. ಈಗ ಅವರು ಎಲ್ಲ ಶ್ರೇಯಸ್ಸನ್ನೂ ರಾಯರಿಗೇ ಕೊಡುತ್ತಾರೆ, ನಾನು ಜಗಳ ಆಡುವುದಿಲ್ಲ.

ಈಗಿನ ಅಂಕ ಎರಡು, ಮೂರು. 20ನೇ ತಾರೀಖು ನಾಲ್ಕು. ಅದು ಯಾರಿಗಾದರೂ ಬರಬೇಕಾದ ನಾಲ್ಕೇ. ಮೊನ್ನೆ ನಾದಿನಿಯ ಗಂಡ ಫೋನ್ ಮಾಡಿ, ಅವರ ಅಂಗಡಿಯ ಗಿರಾಕಿಯೊಬ್ಬರಿಗೆ ನನ್ನ ಡಾಕ್ಟರ ವಿಳಾಸ ಕೇಳಿದರು. ಕೊಟ್ಟೆ. ಕ್ಲೋನಾಜೆಪಾಮ್‌ನ ಮುಂದಿನ ಇಳಿಕೆ ಜುಲೈನಲ್ಲಿ ಎಂದಿದ್ದರು ಡಾಕ್ಟರು. ಜುಲೈ 31 ಸಂಬಳದವರ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಗಡುವು, ಆಗಸ್ಟ್ ಮಾಡೋಣ ಸಾರ್, ಎಂದೆ. "2025ರ ಹಾಗೆ ಸೆಪ್ಟೆಂಬರಿಗೆ ಮುಂದೆ ಹಾಕಿದರೆ?" ಎಂದು ಕೇಳಿದರು. ಹಾಗಾದರೆ ನಮ್ಮದೂ ಅಕ್ಟೋಬರ್ ಎಂದೆ. ನಕ್ಕು, ಹಳೇ ಡೋಸನ್ನೇ ಇನ್ನೊಮ್ಮೆ ಬರೆದುಕೊಟ್ಟರು.